ರೊಟ್ಟಿ ಬಡಿಯುವ ಮನೆಗೆ ಯಾವ ಸಾಮಾನು ಬೇಕು, ಯಾವುದು ಬೇಡ

ಮೊಬೈಲ್‌ನಲ್ಲಿ ಅಡಿಗೆಮನೆ ಸಾಮಾನು ಅಂತ ಹುಡುಕಿ ನೋಡಿ. ಬಾಳೆಹಣ್ಣು ಹೆಚ್ಚುವ ಯಂತ್ರ ಬರುತ್ತದೆ, ಮೊಟ್ಟೆಯ ಹಳದಿ ಬೇರೆ ಮಾಡುವ ಚಮಚ ಬರುತ್ತದೆ, ಆವಕಾಡೊಗೆ ಅಂತಲೇ ಒಂದು ಚಾಕು ಬರುತ್ತದೆ. ಜೋಳದ ರೊಟ್ಟಿಗೆ ಹೊಂದುವ ಹಂಚು ಬೇಕೆಂದರೆ ಮಾತ್ರ ಪುಟಗಟ್ಟಲೆ ಸರಿಸಬೇಕು. ಮಾರುವವರನ್ನು ಬೈದು ಪ್ರಯೋಜನವಿಲ್ಲ. ಅವರ ಕಣ್ಣ ಮುಂದೆ ಇರುವುದು ಬೇರೆ ಯಾರದೋ ಅಡಿಗೆಮನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಕೆಲಸವೇ ಬೇರೆ. ದಿನಾ ರೊಟ್ಟಿ, ಬೇಳೆ, ಒಂದು ಪಲ್ಯ. ಡಬ್ಬಿಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ವರ್ಷಕ್ಕೊಮ್ಮೆ ಮಸಾಲೆ ಖಾರ. ಹಬ್ಬ ಬಂದರೆ ಹೋಳಿಗೆ. ಈ ಕೆಲಸಗಳಿಗೆ ಯಾವ ಸಾಮಾನು ನಿಜವಾಗಿ ಆಗಿಬರುತ್ತದೆ, ಅಂಗಡಿಯಲ್ಲಿ ಅದನ್ನು ಹೇಗೆ ನೋಡಿ ಕೊಳ್ಳಬೇಕು, ತಂದಮೇಲೆ ಹೇಗೆ ಪಳಗಿಸಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲ ವಾರ ಏನೂ ಕೊಳ್ಳಬೇಡಿ

ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಒಂದು ವಾರ, ಕೈಗೆ ತೆಗೆದುಕೊಂಡ ಸಾಮಾನಿನ ಹೆಸರು ಬರೆದು ಅದರ ಮುಂದೆ ಗೀಟು ಹಾಕುತ್ತಾ ಹೋಗಿ. ಮನೆಯಲ್ಲಿ ಯಾರು ಅಡಿಗೆ ಮಾಡಿದರೂ ಹಾಕಲಿ. ವಾರದ ಕೊನೆಗೆ ನೋಡಿದರೆ ಬಹುಪಾಲು ಗೀಟುಗಳು ಏಳೆಂಟು ಸಾಮಾನಿನ ಮುಂದೆಯೇ ಇರುತ್ತವೆ: ಹಂಚು, ಹಿಟ್ಟು ನಾದುವ ಪರಾತ, ಕುಕ್ಕರ್, ಚಾಕು ಇಲ್ಲವೇ ಈಳಿಗೆ, ಇಕ್ಕಳ, ಮಿಕ್ಸರ್, ಚಹಾ ಪಾತ್ರೆ, ಒಂದೆರಡು ಸೌಟು. ದುಡ್ಡು ಹಾಕಬೇಕಾದದ್ದು ಇವುಗಳಿಗೆ. ಗೀಟು ಬೀಳದ ವಸ್ತುವಿನ ಇನ್ನೂ ಚಂದದ ಮಾಡೆಲ್ ತಂದರೆ ಅದಕ್ಕೂ ಗೀಟು ಬೀಳುವುದಿಲ್ಲ.

ಒಂದು ವಿನಾಯಿತಿ ಇದೆ. ಹೂರಣ ಯಂತ್ರ, ಚಕ್ಕಲಿ ಒರಳು, ಶಾವಿಗೆ ಒತ್ತುವ ಯಂತ್ರ ಇವು ವಾರದ ಲೆಕ್ಕಕ್ಕೆ ಸಿಗುವುದಿಲ್ಲ. ಹಬ್ಬಕ್ಕೆ ಬೇಕೇ ಬೇಕು. ಎಣ್ಣೆ ಸವರಿ, ಕಾಗದ ಸುತ್ತಿ ಅಟ್ಟದ ಮೇಲಿಡಿ.

ಹೊಸದು ಏನೇ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಒದ್ದೆ ಕೈಯಲ್ಲಿ ಹಿಡಿಯಬಹುದಾ? ಬಿಚ್ಚಿ, ಮೂಲೆಮೂಲೆ ತೊಳೆಯಬಹುದಾ? ಕೆಟ್ಟರೆ ನಮ್ಮ ಊರಿನಲ್ಲೇ ರಿಪೇರಿ ಆಗುತ್ತದಾ, ಬಿಡಿಭಾಗ ಸಿಗುತ್ತದಾ? ಕರೆಂಟ್ ಹೋದರೆ ಇದರ ಕೆಲಸವನ್ನು ಬೇರೆ ಯಾವುದಾದರೂ ಮಾಡುತ್ತದಾ? ನನ್ನ ಮಟ್ಟಿಗೆ ಮೂರನೆಯದೇ ದೊಡ್ಡ ಪ್ರಶ್ನೆ. ನೂರು ರೂಪಾಯಿಯ ಒಂದು ಪ್ಲಾಸ್ಟಿಕ್ ಚಕ್ರ ಸಿಗದೆ ಮೂಲೆ ಸೇರಿದ ಎಷ್ಟೋ ಯಂತ್ರಗಳು ಎಲ್ಲರ ಮನೆಯಲ್ಲೂ ಇವೆ.

ಹಂಚು: ಇಲ್ಲಿ ಅವಸರ ಬೇಡ

ಜೋಳದಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಹಿಟ್ಟು ನಾದುತ್ತೇವೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಟು ಬರುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ನೀರು ಸವರುತ್ತೇವೆ. ತೆಳ್ಳಗಿನ ಹಂಚಾದರೆ ಹಸಿ ರೊಟ್ಟಿ ಬಿದ್ದ ಕೂಡಲೇ ಅದರ ಕಾವು ಇಳಿದುಬಿಡುತ್ತದೆ. ಮತ್ತೆ ಕಾಯುವಷ್ಟರಲ್ಲಿ ರೊಟ್ಟಿ ಒಣಗಿ, ಬಿರುಕು ಬಿಟ್ಟು, ಉಬ್ಬುವುದೇ ಇಲ್ಲ. ಹಂಚು ದಪ್ಪ ಇರಬೇಕು, ಭಾರ ಇರಬೇಕು ಅನ್ನುವುದು ಇದಕ್ಕೇ.

ನಾನ್‌ಸ್ಟಿಕ್ ತವಾ ಈ ಕೆಲಸಕ್ಕೆ ಬೇಡವೇ ಬೇಡ. ಅದರ ಮೇಲಿನ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ. ದೊಡ್ಡ ಉರಿಯ ಮೇಲೆ ಖಾಲಿ ಹಂಚು ಅಷ್ಟು ಕಾಯಲು ಜಾಸ್ತಿ ಹೊತ್ತು ಬೇಕಿಲ್ಲ. ರೊಟ್ಟಿ ಮಾಡುವಾಗ ಹಂಚು ಖಾಲಿ ಕಾಯುವುದು ದಿನದ ಮಾತು. ದೋಸೆಗೆ, ಆಮ್ಲೆಟ್‌ಗೆ ಹದವಾದ ಉರಿಯಲ್ಲಿ ಬಳಸುವುದಾದರೆ ಇರಲಿ.

ಅಂಗಡಿಯಲ್ಲಿ ಕಬ್ಬಿಣದ ಹಂಚನ್ನು ನೋಡುವ ಕ್ರಮ ಹೀಗೆ. ಗಾಜಿನ ಕೌಂಟರ್ ಮೇಲೆ ಇಟ್ಟು ಅಂಚನ್ನು ಬೆರಳಿನಿಂದ ಒತ್ತಿ. ಓಲಾಡಿದರೆ ಬಿಡಿ, ಬರ್ನರ್ ಮೇಲೂ ಓಲಾಡುತ್ತದೆ. ಹಿಡಿಕೆ ಇದ್ದರೆ ಕೈಬಿಟ್ಟು ನೋಡಿ. ಉದ್ದ ಹಿಡಿಕೆಯ ಭಾರಕ್ಕೆ ಹಂಚು ಆ ಕಡೆ ವಾಲಬಾರದು. ಬೆಸುಗೆ ಹಾಕಿದ ಜಾಗದಲ್ಲಿ ಬಿರುಕಿದೆಯಾ ನೋಡಿ. ನಮ್ಮ ರೊಟ್ಟಿಯ ಅಗಲಕ್ಕೆ 28ರಿಂದ 30 ಸೆಂ.ಮೀ. ಇದ್ದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಮನೆಯ ಗ್ಯಾಸ್ ಬರ್ನರ್‌ನ ಉರಿ ಅಂಚಿಗೆ ಮುಟ್ಟುವುದಿಲ್ಲ, ನಡುವೆ ಕರಕಲಾಗಿ ಸುತ್ತಲೂ ಹಸಿ ಉಳಿಯುತ್ತದೆ. ಮೂರು ಮಿಲಿಮೀಟರ್‌ಗಿಂತ ತೆಳ್ಳಗಿನದು ಬೇಡ.

ಕಬ್ಬಿಣದ ತಗಡಿನ ಹಂಚೋ ಎರಕದ ಹಂಚೋ ಅಂತ ಕೇಳುವವರಿದ್ದಾರೆ. ಬೆಳಗಾವಿಯ ಉದ್ಯಮಬಾಗ ಎರಕದ ಕಾರ್ಖಾನೆಗಳಿಗೆ ಹೆಸರಾದದ್ದು, ಆದ್ದರಿಂದ ಎರಕದ ಮೇಲೆ ನಮಗೊಂದು ಅಭಿಮಾನ ಇದ್ದೇ ಇರುತ್ತದೆ. ಎರಕದ ಹಂಚು ನಿಧಾನಕ್ಕೆ ಕಾಯುತ್ತದೆ, ಕಾದಮೇಲೆ ಕಾವು ಬಿಡುವುದಿಲ್ಲ. ಹತ್ತಾರು ರೊಟ್ಟಿ ಮಾಡುವ ಮನೆಗೆ ಒಳ್ಳೆಯದು. ಆದರೆ ಕೈಜಾರಿ ಬಿದ್ದರೆ ಸೀಳುತ್ತದೆ, ಕಾದಾಗ ತಣ್ಣೀರು ಸುರಿದರೂ ಸೀಳಬಹುದು. ಇಬ್ಬರು ಮೂವರಿರುವ ಮನೆಗೆ ತಗಡಿನದೇ ಅನುಕೂಲ: ಬೇಗ ಕಾಯುತ್ತದೆ, ಎತ್ತಲು ಹಗುರ.

ಹೊಸ ಹಂಚನ್ನು ಪಳಗಿಸುವುದು ಹೀಗೆ:

1. ಅಂಗಡಿಯಿಂದ ಬಂದ ಹಂಚಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದಿರುತ್ತಾರೆ. ಬಿಸಿನೀರು, ಸೋಪು, ಒರಟು ನಾರು ಹಿಡಿದು ಎರಡು ಸಲ ಗಸಗಸ ಉಜ್ಜಿ. ಬಿಳಿ ಬಟ್ಟೆಯಿಂದ ಒರೆಸಿದರೆ ಕಪ್ಪು ಹತ್ತಬಾರದು.
2. ಒಲೆಯ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸಿ.
3. ಒಂದು ಹನಿ ಅಡಿಗೆ ಎಣ್ಣೆಯನ್ನು ಬಟ್ಟೆಯಿಂದ ಎರಡೂ ಬದಿಗೆ ಸವರಿ, ನಂತರ ಒಣ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಹಚ್ಚಿದ್ದೇ ಕಾಣಬಾರದು, ಅಷ್ಟು ತೆಳು.
4. ಕಿಟಕಿ ತೆರೆದು, ಹೊಗೆ ಎದ್ದು ನಿಲ್ಲುವ ತನಕ ಕಾಯಿಸಿ. ತಣಿಸಿ. ಇದನ್ನೇ ಮೂರು ನಾಲ್ಕು ಸಲ ಮಾಡಿ. ಎಣ್ಣೆ ಕಾದು ಗಟ್ಟಿ ಪದರವಾಗಿ ಕೂತು ಹಂಚು ಕಪ್ಪಗಾಗುತ್ತದೆ.

ಎಣ್ಣೆ ಜಾಸ್ತಿಯಾದರೆ ಅಂಟಂಟು ಕಲೆಯಾಗಿ ಉಳಿಯುತ್ತದೆ. ಹಾಗಾದರೆ ಉಜ್ಜಿ ತೆಗೆದು ಮತ್ತೆ ಮಾಡಿ, ಹಂಚೇನೂ ಕೆಡುವುದಿಲ್ಲ.

ರೊಟ್ಟಿ ಹಂಚಿಗೆ ಎಣ್ಣೆಯ ಕೆಲಸ ಇಷ್ಟೇ, ಮೊದಲ ದಿನದ್ದು. ಆಮೇಲೆ ಅದರ ಮೇಲೆ ದೋಸೆ, ಥಾಲಿಪೆಟ್ಟು ಮಾಡಬೇಡಿ. ಜಿಡ್ಡು ಹತ್ತಿದ ಹಂಚಿನ ಮೇಲೆ ರೊಟ್ಟಿ ಹಾಕಿದರೆ ಮನೆಯೆಲ್ಲ ಹೊಗೆ, ರೊಟ್ಟಿಗೆ ಕರಿ ಚುಕ್ಕೆ. ಹಿಂದಿನವರು ಎರಡು ಹಂಚು ಇಟ್ಟುಕೊಳ್ಳುತ್ತಿದ್ದದ್ದು ಸುಮ್ನೆ ಅಲ್ಲ. ಕಾವು ಸರಿಯಿದೆಯಾ ತಿಳಿಯಲು ಒಂದು ಚಿಟಿಕೆ ಒಣ ಹಿಟ್ಟು ಉದುರಿಸಿ. ಮೆಲ್ಲಗೆ ಕೆಂಪಾದರೆ ಹದ. ಬಿದ್ದ ಕೂಡಲೇ ಕಪ್ಪಾಗಿ ಹೊಗೆಯಾಡಿದರೆ ಉರಿ ತಗ್ಗಿಸಿ.

ಮಣ್ಣಿನ ಹಂಚು ಬೇಕೆನ್ನುವವರಿಗೆ ಖಾನಾಪುರದ ಕುಂಬಾರಿಕೆ ಹತ್ತಿರವೇ ಇದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಆ ಊರಿನಲ್ಲಿದೆ. ಹೊಳೆಯುವ ಲೇಪ ಇಲ್ಲದ್ದನ್ನು ಆರಿಸಿ. ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಿಂದ ಶುರು ಮಾಡಿ. ರುಚಿ ಚೆನ್ನಾಗಿರುತ್ತದೆ, ಬಾಳಿಕೆ ನಿಮ್ಮ ಕೈಯಲ್ಲಿ. ನನಗೆ ಮಣ್ಣಿನ ಪಾತ್ರೆ ಹಂಚಿಗಿಂತ ಮೊಸರಿಗೇ ಇಷ್ಟ. ಮಣ್ಣು ನೀರಿನಂಶ ಹೀರಿಕೊಂಡು ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾಗುತ್ತದೆ.

ಕಟ್ಟೆಯ ಎತ್ತರ

ಸಾಮಾನಿನ ಮಾತಿನಲ್ಲಿ ಇದು ಯಾಕೆ ಅನ್ನಿಸಬಹುದು. ಆದರೆ ಭುಜ ನೋವು ಬಂದು ರೊಟ್ಟಿ ಮಾಡುವುದನ್ನೇ ಬಿಟ್ಟವರ ಮನೆಯಲ್ಲಿ ಮೊದಲು ನೋಡಬೇಕಾದದ್ದು ಹಂಚನ್ನಲ್ಲ, ಕಟ್ಟೆಯನ್ನು. ಹಿಂದೆ ನೆಲದ ಮೇಲೆ ಕೂತು ಬಡಿಯುತ್ತಿದ್ದರು. ಆಗ ಕೈ ಮೇಲಿನಿಂದ ಕೆಳಗೆ ಬೀಳುತ್ತಿತ್ತು, ಮೈಯ ಭಾರವೂ ಕೆಲಸ ಮಾಡುತ್ತಿತ್ತು. ಈಗಿನ ಕಟ್ಟೆ ಹೆಚ್ಚುಕಡಿಮೆ 85 ಸೆಂ.ಮೀ. ಎತ್ತರ. ಅದರ ಮೇಲೆ ಪರಾತ ಇಟ್ಟರೆ ಇನ್ನೂ ಮೇಲೆ. ಐದಡಿ ಎತ್ತರದ ಹೆಂಗಸು ಭುಜ ಎತ್ತಿಕೊಂಡೇ ಬಡಿಯಬೇಕು.

ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಕಾಯಿಪಲ್ಯ ಹೆಚ್ಚುವ ಕೆಲಸಕ್ಕೆ ಅದಕ್ಕಿಂತ 10ರಿಂದ 15 ಸೆಂ.ಮೀ. ಕೆಳಗೆ ಇದ್ದರೆ ಸರಿ. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಹೀಗೆ ಬಲ ಹಾಕುವ ಕೆಲಸಕ್ಕೆ ಇನ್ನೂ ತಗ್ಗು ಬೇಕು, 20 ಸೆಂ.ಮೀ. ಅಥವಾ ಅದಕ್ಕೂ ಕೆಳಗೆ. ಕಟ್ಟೆ ಒಡೆಸುವುದು ಬೇಕಿಲ್ಲ. ಸಲೀಸಾಗಿ ನಿಲ್ಲುವಷ್ಟು ಅಗಲದ, 10 ಸೆಂ.ಮೀ. ಎತ್ತರದ ಒಂದು ಕಟ್ಟಿಗೆ ಮಣೆಯನ್ನು ಬಡಗಿಯಿಂದ ಮಾಡಿಸಿ ಅದರ ಮೇಲೆ ನಿಂತುಕೊಳ್ಳಿ. ಎರಡೂ ಕಾಲು ಆರಾಮಾಗಿ ಹಿಡಿಯಬೇಕು, ಕೆಳಗೆ ನಾಲ್ಕು ರಬ್ಬರ್ ತುಂಡು ಹೊಡೆಸಿರಬೇಕು. ಇಲ್ಲವೇ ತಗ್ಗಾದ ಗಟ್ಟಿ ಮೇಜೊಂದನ್ನು ರೊಟ್ಟಿಗೆ ಅಂತಲೇ ಇಟ್ಟುಕೊಳ್ಳಿ. ಪರಾತದ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ, ಸದ್ದೂ ಕಮ್ಮಿ.

ರೊಟ್ಟಿ ಒತ್ತುವ ಪ್ರೆಸ್ ಬಗ್ಗೆ ಒಂದು ಮಾತು. ಹಿಟ್ಟನ್ನು ಸರಿಯಾಗಿ ಬೇಯಿಸಿ ನಾದಿದ್ದರೆ, ಮೇಲೆ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿದರೆ ಕೆಲಸ ಆಗುತ್ತದೆ. ರೊಟ್ಟಿ ಸ್ವಲ್ಪ ದಪ್ಪವೇ ಬರುತ್ತದೆ. ಕೈ ನೋವಿರುವವರಿಗೆ, ಬಡಿಯಲು ಬಾರದ ಹುಡುಗರಿಗೆ ಇದು ಒಳ್ಳೆಯ ದಾರಿ. ಒತ್ತಿ ಬೇಯಿಸುವ ಕರೆಂಟಿನ ಯಂತ್ರ ಗೋಧಿಗೆ ಮಾಡಿದ್ದು, ಅದರಲ್ಲಿ ಜೋಳದ ಹಿಟ್ಟು ಅಂಚು ಸೀಳಿ ಚದುರುತ್ತದೆ.

ಕುಕ್ಕರ್

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಅಲ್ಲಿ ನೀರು ನೂರು ಡಿಗ್ರಿಗೆ ಅಲ್ಲ, 97-98ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಅಷ್ಟು ಹೊತ್ತು ಜಾಸ್ತಿ. ಕುಕ್ಕರ್‌ನೊಳಗೆ ಒತ್ತಡದಿಂದ ನೀರು 120 ಡಿಗ್ರಿಯ ತನಕ ಕಾಯುತ್ತದೆ, ಅದಕ್ಕೇ ಬೇಗ ಕೆಲಸ. ಅಷ್ಟು ಒತ್ತಡ ಹಿಡಿದಿಟ್ಟಿರುವ ಪಾತ್ರೆಯಾದ್ದರಿಂದ ಇಲ್ಲಿ ಅಗ್ಗ ನೋಡಬೇಡಿ.

2021ರ ಫೆಬ್ರುವರಿ 1ರಿಂದ ಮನೆಬಳಕೆಯ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲೆ ಐಎಸ್ 2347 ಅಂತ ಇರಬೇಕು, ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಫೋನ್‌ನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಹೊಡೆದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯಾ ಅಂತ ಅಂಗಡಿಯಲ್ಲೇ ಗೊತ್ತಾಗುತ್ತದೆ. ಮೂರ್ನಾಲ್ಕು ಜನರಿಗೆ ಮೂರು ಲೀಟರ್, ಐದಾರು ಜನರಿಗೆ ಐದು ಲೀಟರ್. ದೊಡ್ಡದಿದ್ದರೆ ಒಳ್ಳೆಯದಲ್ವಾ ಅಂತ ತಂದರೆ ದಿನಾ ಎತ್ತಿ ತೊಳೆಯುವವರು ನೀವೇ.

ಬಳಕೆಯಲ್ಲಿ ಇಷ್ಟು ಗಮನ ಇರಲಿ. ಮುಚ್ಚುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು, ಸೀಟಿ ಕೂರುವ ನಳಿಕೆಯೊಳಗೆ ಕಣ್ಣು ಹಾಯಿಸಿ. ಆಚೆ ಬೆಳಕು ಕಾಣಬೇಕು. ತೊಗರಿ ಬೇಳೆಯ ಒಂದು ಸಿಪ್ಪೆ ಸಾಕು ಅದನ್ನು ಮುಚ್ಚಲು. ಬೇಳೆ, ಅಕ್ಕಿ, ಕಾಳು ಇದ್ದರೆ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಉಳಿದದ್ದಕ್ಕೆ ಮೂರರಲ್ಲಿ ಎರಡು ಪಾಲು. ಗ್ಯಾಸ್ಕೆಟ್ ಬಿರುಸಾಗಿದ್ದರೆ, ಬದಿಯಿಂದ ಹಬೆ ಸೋರಿದರೆ ಬದಲಿಸಿ. ಸೇಫ್ಟಿ ವಾಲ್ವ್‌ನೊಳಗೆ ಬೇಗ ಕರಗುವ ಲೋಹ ಇರುತ್ತದೆ. ನೀರು ಆರಿ ಕುಕ್ಕರ್ ಅತಿಯಾಗಿ ಕಾದಾಗ ಅದು ಕರಗಿ ಹಬೆ ಹೊರಬಿಡುತ್ತದೆ. ಒಮ್ಮೆ ಕರಗಿದರೆ ಅದೇ ಕಂಪನಿಯ ಹೊಸದನ್ನೇ ಹಾಕಿಸಿ. ಆ ತೂತನ್ನು ಬೇರೆ ಏನಾದರೂ ತುರುಕಿ ಮುಚ್ಚಿಸುವವರಿದ್ದಾರೆ, ಅದು ಜೀವದ ಜೊತೆ ಆಟ.

ವಿಜಯಪುರ, ಬಾಗಲಕೋಟೆ ಕಡೆಯ ಬೋರಿನ ಗಡಸು ನೀರಿಗೆ ಪಾತ್ರೆಯೊಳಗೆ ಬಿಳಿ ಪದರ ಕಟ್ಟುತ್ತದೆ, ಅಲ್ಯೂಮಿನಿಯಂ ಕುಕ್ಕರ್ ಕಪ್ಪಗಾಗುತ್ತದೆ. ಹುಣಸೆ ನೀರು ಅಥವಾ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ ಹಾಕಿ ಮುಚ್ಚಳವಿಲ್ಲದೆ ಕುದಿಸಿ, ಉಜ್ಜಿದರೆ ಹೋಗುತ್ತದೆ. ಆದರೆ ಹುಣಸೆ ಹಾಕಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬೇಡಿ.

ಹೋಳಿಗೆಯ ದಿನ ಕುಕ್ಕರ್ ಬದಿಗಿಡಿ. ಕಡಲೆಬೇಳೆ ಸೀಟಿ ಹೊಡೆಸಿದರೆ ಕರಗಿ ಕಟ್ಟಿನೊಳಗೆ ಸೇರಿಹೋಗುತ್ತದೆ, ಹೂರಣ ತೆಳ್ಳಗಾಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ ಬಸಿಯಿರಿ. ಬೆಲ್ಲ ಹಾಕಿ ಕಾಯಿಸಿದ ಬೇಳೆಯನ್ನು ಬಿಸಿ ಇರುವಾಗಲೇ ಹೂರಣ ಯಂತ್ರಕ್ಕೆ ಹಾಕಿ ತಿರುಗಿಸಿ. ತಣ್ಣಗಾದರೆ ಗಟ್ಟಿಯಾಗಿ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮಿಕ್ಸರ್ ಮತ್ತು ಕಲಬತ್ತ: ಎರಡೂ ಇರಲಿ

ಶೇಂಗಾ ಚಟ್ನಿಯನ್ನು ಮಿಕ್ಸರ್‌ನಲ್ಲಿ ಗಿರ್ರನೆ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕಲಬತ್ತದಲ್ಲಿ ಕುಟ್ಟಿದರೆ ಕಾಳು ಒಡೆಯುತ್ತದೆ, ಬೆಳ್ಳುಳ್ಳಿ ಅದರೊಳಗೆ ಬೆರೆಯುತ್ತದೆ, ಚಟ್ನಿ ಉದುರುದುರಾಗಿ ಇರುತ್ತದೆ. ಮಿಕ್ಸರ್‌ನಲ್ಲೇ ಮಾಡುವುದಾದರೆ ಹುರಿದ ಶೇಂಗಾ ಪೂರ್ತಿ ತಣಿಯಲಿ. ಬಟನ್ ಹಿಂದಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸಿ, ನಡುನಡುವೆ ಜಾರ್ ಅಲುಗಾಡಿಸಿ.

ಕಲಬತ್ತದ ಕಲ್ಲು ಭಾರವಾಗಿರಬೇಕು, ಕುಟ್ಟುವಾಗ ಕುಣಿಯಬಾರದು. ಒಳಗೆ ಬೆರಳಾಡಿಸಿದರೆ ತರಿ ತರಿ ಇರಬೇಕು, ಆದರೆ ಪುಡಿ ಕೈಗೆ ಬರಬಾರದು. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಮರಳುಗಲ್ಲು ಕೆತ್ತನೆಗೆ ಎಷ್ಟು ಚಂದವೋ ಕುಟ್ಟುವುದಕ್ಕೆ ಅಷ್ಟೇ ಬೇಡದ್ದು, ಚಟ್ನಿಯಲ್ಲಿ ಮರಳು ಸೇರುತ್ತದೆ. ಕರಿಕಲ್ಲು ಅಥವಾ ಇಳಕಲ್ಲಿನಂಥ ಗ್ರಾನೈಟ್ ಇರಲಿ. ಹೊಸದನ್ನು ತೊಳೆದು, ಒಂದು ಹಿಡಿ ಅಕ್ಕಿ ಹಾಕಿ ಅರೆದು ಚೆಲ್ಲಿ. ಪುಡಿ ಬೆಳ್ಳಗೆ ಬರುವ ತನಕ ಮತ್ತೆ ಮತ್ತೆ ಮಾಡಿ. ಬೂದು ಬಣ್ಣ ಇದ್ದರೆ ಕಲ್ಲಿನ ಪುಡಿ ಇನ್ನೂ ಇದೆ ಅಂತ ಅರ್ಥ.

ಮಿಕ್ಸರ್‌ಗೆ ಬಂದರೆ, ಚಟ್ನಿ ಮತ್ತು ಒಗ್ಗರಣೆ ಮಸಾಲೆಗೆ 500 ವ್ಯಾಟ್ ಸಾಕು. ಇಡ್ಲಿ ಹಿಟ್ಟು, ಒಣಕೊಬ್ಬರಿ, ಮಸಾಲೆ ದಿನಾ ರುಬ್ಬುವವರಿಗೆ 750. ವರ್ಷದ ಮಸಾಲೆ ಖಾರವನ್ನು ಮನೆಯ ಮಿಕ್ಸರ್ ಮೇಲೆ ಹೇರಬೇಡಿ, ಗಿರಣಿಗೆ ಕೊಡಿ. ಓಡುತ್ತಿದ್ದ ಮಿಕ್ಸರ್ ಒಮ್ಮೆಲೇ ನಿಂತರೆ ರಿಪೇರಿಯವನಿಗೆ ಫೋನ್ ಮಾಡುವ ಮೊದಲು ಪ್ಲಗ್ ತೆಗೆದು, ಯಂತ್ರವನ್ನು ಮಗುಚಿ ನೋಡಿ. ಬಹಳಷ್ಟು ಮಿಕ್ಸರ್‌ಗಳ ತಳದಲ್ಲಿ ಕೆಂಪು ಬಟನ್ ಇರುತ್ತದೆ. ಭಾರ ಜಾಸ್ತಿಯಾದಾಗ ಅದು ಹೊರಗೆ ಬಂದು ಮೋಟರ್ ಉಳಿಸುತ್ತದೆ. ಹತ್ತು ನಿಮಿಷ ತಣಿಯಲು ಬಿಟ್ಟು ಒಳಗೆ ಒತ್ತಿ. ಮೋಟರ್ ತಿರುಗುವ ಸದ್ದಿದ್ದು ಬ್ಲೇಡ್ ತಿರುಗದಿದ್ದರೆ ಮೋಟರ್‌ಗೂ ಜಾರ್‌ಗೂ ಕೊಂಡಿಯಾಗುವ ಕಪ್ಲರ್ ಸವೆದಿದೆ. ಅದು ಅಗ್ಗದ ಬಿಡಿಭಾಗ, ಎದುರಿಗೇ ಹಾಕಿಕೊಡುತ್ತಾರೆ.

ಚಾಕು, ಈಳಿಗೆ, ಇಕ್ಕಳ

ಎಣ್ಣೆಗಾಯಿಗೆ ಬದನೆಕಾಯಿಯನ್ನು ತೊಟ್ಟು ಬಿಡದೆ ನಾಲ್ಕಾಗಿ ಸೀಳಬೇಕು. ಅದಕ್ಕೆ ಬೇಕಾದದ್ದು ಒಂದು ಗೇಣಿಗಿಂತ ಕಮ್ಮಿ ಉದ್ದದ, ಚೂಪು ತುದಿಯ ಸಣ್ಣ ಚಾಕು. ಈರುಳ್ಳಿ, ಸೊಪ್ಪಿಗೆ ಅಗಲ ಅಲಗಿನದು ಇನ್ನೊಂದು. ಎರಡೇ ಸಾಕು. ಆರು ಚಾಕುಗಳ ಸೆಟ್ಟು ಬೇಡ.

ನೆಲದ ಮೇಲೆ ಕೂರಲು ತೊಂದರೆಯಿಲ್ಲದವರಿಗೆ ಈಳಿಗೆಯಷ್ಟು ಒಳ್ಳೆಯ ವಿನ್ಯಾಸ ಮತ್ತೊಂದಿಲ್ಲ. ಅಲಗು ನಿಂತಿರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ, ಕುಂಬಳಕಾಯಿಯಂಥ ದಪ್ಪ ಕಾಯಿಯೂ ಮಾತು ಕೇಳುತ್ತದೆ. ಮಡಚುವ ಈಳಿಗೆ ಕೊಳ್ಳುವಾಗ ಕೀಲು ಅಲುಗಬಾರದು. ಬಳಸಿದ ಕೂಡಲೇ ಮಡಚಿಡಿ, ಮನೆಯಲ್ಲಿ ಕೂಸುಗಳಿದ್ದರೆ ಮೇಲಿಡಿ. ಚಾಕು ಮೊಂಡಾದರೆ, ಸಾಣೆ ಹಿಡಿಯುವವನು ಬರುವ ತನಕ ಪಿಂಗಾಣಿ ಕಪ್ಪನ್ನು ಮಗುಚಿ, ತಳದ ಒರಟು ಉಂಗುರದ ಮೇಲೆ ಓರೆಯಾಗಿ ನಾಲ್ಕೈದು ಸಲ ಎರಡೂ ಬದಿ ಎಳೆಯಿರಿ. ಮೊಂಡು ಚಾಕುವಿಗೆ ಬಲ ಜಾಸ್ತಿ ಹಾಕುತ್ತೇವೆ, ಜಾರಿ ಬೆರಳು ಕೊಯ್ಯುವುದು ಆಗಲೇ.

ಇಕ್ಕಳ ಚಿಕ್ಕ ವಸ್ತು ಅಂತ ಯಾರೂ ನೋಡಿ ಕೊಳ್ಳುವುದಿಲ್ಲ. ಕುದಿಯುವ ಚಹಾ ಮೈಮೇಲೆ ಬೀಳದಂತೆ ತಡೆಯುವುದು ಅದೊಂದೇ. ಅಂಗಡಿಯಲ್ಲೇ ಒಂದು ಪಾತ್ರೆಗೆ ನೀರು ಹಾಕಿಸಿ ಅದರಿಂದ ಎತ್ತಿ, ಸ್ವಲ್ಪ ವಾಲಿಸಿ ನೋಡಿ. ಹಲ್ಲು ಜಾರಬಾರದು, ನಡುವಿನ ಮೊಳೆ ಸಡಿಲ ಇರಬಾರದು. ಅಂಗಡಿಯವರು ನಕ್ಕರೆ ನಗಲಿ.

ಸ್ಟೀಲ್ ಪಾತ್ರೆ, ಮ್ಯಾಗ್ನೆಟ್ ಪರೀಕ್ಷೆ

“ಅಕ್ಕಾರ, ಮ್ಯಾಗ್ನೆಟ್ ಹಿಡಿಯೂದಿಲ್ಲ ನೋಡ್ರಿ. ಪ್ಯೂರ್ ಸ್ಟೀಲ್ ಐತಿ!”

ಅಂಗಡಿಯವರ ಈ ಮಾತು ಬೆಳಗಾವಿಯ ಖಡೇಬಜಾರದಲ್ಲೂ ಕೇಳುತ್ತದೆ, ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್‌ನಲ್ಲೂ ಕೇಳುತ್ತದೆ. ಅರ್ಧ ಮಾತ್ರ ನಿಜ. ನಿಕಲ್ ಜಾಸ್ತಿ ಇರುವ 304 ದರ್ಜೆಯ ಸ್ಟೀಲ್‌ಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಸರಿ. ಆದರೆ ಅದಕ್ಕಿಂತ ಅಗ್ಗದ 200 ಸರಣಿಯ ಸ್ಟೀಲ್‌ಗೂ ಅಂಟುವುದಿಲ್ಲ. ಪಾತ್ರೆಯ ಮೇಲೆ ದರ್ಜೆ ಒತ್ತಿದ್ದಾರಾ, ಬಿಲ್‌ನಲ್ಲಿ ಬರೆಯುತ್ತಾರಾ ಕೇಳಿ. 2024ರಲ್ಲಿ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೂ ಐಎಸ್‌ಐ ಗುರುತು ಬೇಕೆಂದು ಕೇಂದ್ರ ಸರ್ಕಾರ ಆದೇಶ ಮಾಡಿದೆ, ಆ ಗುರುತನ್ನೂ ಹುಡುಕಿ. ಮ್ಯಾಗ್ನೆಟ್ ನಿಜಕ್ಕೂ ಕೆಲಸಕ್ಕೆ ಬರುವುದು ಇಂಡಕ್ಷನ್ ಒಲೆಗೆ ಪಾತ್ರೆ ಆರಿಸುವಾಗ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ಇಂಡಕ್ಷನ್ ಮೇಲೆ ಕಾಯುತ್ತದೆ.

ಪಲ್ಯದ ಬಾಣಲೆಗೆ ಒಂದೇ ಪದರದ ತೆಳು ಸ್ಟೀಲ್ ಬೇಡ, ತಳ ಹಿಡಿಯುತ್ತದೆ. ನಡುವೆ ಅಲ್ಯೂಮಿನಿಯಂ ಇರುವ ಮೂರು ಪದರದ ಬಾಣಲೆ ದುಬಾರಿ, ಆದರೆ ಝುಣಕ ಮಾಡಿದ ದಿನ ಅದರ ಬೆಲೆ ಗೊತ್ತಾಗುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಅಡಿಗೆ ಮಾಡುವುದಾದರೆ ಕಲಾಯಿ ಇರಲೇಬೇಕು. ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಬಿಡಬಾರದು, ಒಳಗೆ ಕಬ್ಬಿಣದ ನಾರು ಹಾಕಿ ಉಜ್ಜಬಾರದು.

ಸಣ್ಣಪುಟ್ಟವು

ಡಿಜಿಟಲ್ ತಕ್ಕಡಿ ಕೊಳ್ಳಿ. ಐದು ಕಿಲೋ ತನಕ ತೂಗುವ, ಒಂದು ಗ್ರಾಂ ಲೆಕ್ಕ ತೋರಿಸುವಂಥದ್ದು. ಬೇಳೆಗೆ ಬೆಲ್ಲ ಎಷ್ಟು, ಉಪ್ಪಿನಕಾಯಿಗೆ ಉಪ್ಪು ಎಷ್ಟು ಅನ್ನುವುದನ್ನು ಒಮ್ಮೆ ತೂಗಿ ಬರೆದಿಟ್ಟರೆ ಅಜ್ಜಿಯ ಕೈ ಅಳತೆ ಮೊಮ್ಮಗಳಿಗೂ ಸಿಗುತ್ತದೆ. ಮನೆಯಲ್ಲೇ ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವವರಿಗಂತೂ ಇದು ಬೇಕೇ ಬೇಕು.

ಸಿಪ್ಪೆ ತೆಗೆಯುವ ಪೀಲರ್, ಸಿಲಿಕಾನ್ ಸೌಟು: ಕೊಳ್ಳಿ. ಹಗ್ಗ ಎಳೆದು ಹೆಚ್ಚುವ ಚಾಪರ್: ಅವಲಕ್ಕಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಚೆನ್ನ, ಪುಂಡಿ ಸೊಪ್ಪು ಹಾಕಿದರೆ ಸುತ್ತಿಕೊಂಡು ನಿಲ್ಲುತ್ತದೆ. ಬೆಳ್ಳುಳ್ಳಿ ಜಜ್ಜುವ ಇಕ್ಕಳ ಬೇಡ, ಕಲಬತ್ತ ಇದೆಯಲ್ಲ. ವಿಜಯಪುರದ ಬಿಸಿಲಿಗೆ ಮಣ್ಣಿನ ಕೊಡ ಇರಲೇಬೇಕು. ಒಣ ಗಾಳಿಗೆ ಹೊರಮೈ ನೀರು ಆರುತ್ತಾ ಒಳಗಿನದು ತಂಪಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಅದೇ ಕೊಡ ಅಷ್ಟು ತಂಪು ಮಾಡುವುದಿಲ್ಲ.

ಗ್ಯಾಸಿನ ಕೆಂಪು ಪೈಪ್ ಮೇಲೆ ಒತ್ತಿದ ತಾರೀಖು ನೋಡಿ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೂತುಗಳನ್ನು ಪಿನ್ನಿನಿಂದ ಚೊಕ್ಕ ಮಾಡಿ.

ಎಲ್ಲಿ, ಯಾವಾಗ ಕೊಳ್ಳುವುದು

ಕಟ್ಟಿಗೆ, ಕಬ್ಬಿಣ, ಕಲ್ಲಿನ ಸಾಮಾನಿಗೆ ಜಾತ್ರೆಯೇ ಒಳ್ಳೆಯದು. ಬನದ ಹುಣ್ಣಿಮೆಗೆ ಶುರುವಾಗುವ ಬಾದಾಮಿ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ಬಾಗಿಲು ಚೌಕಟ್ಟಿನಿಂದ ಹಿಡಿದು ಲಟ್ಟಣಿಗೆಯ ತನಕ ಬಡಗಿ ಕೆಲಸ ಅಲ್ಲಿಗೆ ಬರುತ್ತದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಇದೆ. ಮಣೆ, ಲಟ್ಟಣಿಗೆ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ, ಗುರುತು ಬಿದ್ದರೆ ಕಟ್ಟಿಗೆ ಮೆತ್ತಗಿದೆ. ಹೊಳೆಯುವ ವಾರ್ನಿಶ್ ಹೊಡೆದದ್ದು ಹಿಟ್ಟಿನ ಕೆಲಸಕ್ಕೆ ಬೇಡ.

ಮೋಟರ್ ಇರುವುದು, ಒತ್ತಡ ಹಿಡಿಯುವುದು ಏನಿದ್ದರೂ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ವಾರಂಟಿ ಕಾರ್ಡ್ ಮೇಲೆ ಸೀಲು, ತಾರೀಖು ಅಲ್ಲೇ ಹಾಕಿಸಿ, ಎರಡನ್ನೂ ಫೋನ್‌ನಲ್ಲಿ ಫೋಟೊ ತೆಗೆದಿಡಿ; ಬಿಲ್ಲಿನ ಅಕ್ಷರ ವರ್ಷದೊಳಗೆ ಮಾಸಿಹೋಗುತ್ತದೆ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಹಳೆಯ ಪಾತ್ರೆ ಕೊಟ್ಟು ಹೊಸದು ತರುವವರು, ಒಯ್ಯುವ ಮೊದಲು ಹಿತ್ತಾಳೆ, ಅಲ್ಯೂಮಿನಿಯಂ, ಸ್ಟೀಲ್ ಬೇರೆ ಬೇರೆ ಮಾಡಿ ಮನೆಯಲ್ಲೇ ತೂಗಿ ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಲು ಬಿಟ್ಟರೆ ಹಿತ್ತಾಳೆಗೂ ಅಲ್ಯೂಮಿನಿಯಂ ದರವೇ ಸಿಗುತ್ತದೆ.